ಹ್ಯಾರಿ ಪಾಟರ್ ಮುಗಿಯಿತು, ಇನ್ನು ಮುಂದೇನು?

ಪ್ರಶ್ನೆ: ನನ್ನ ಮಗಳಿಗೆ ಹನ್ನೊಂದು ವರ್ಷ, ಇಂಗ್ಲಿಷ್ ಮಾಧ್ಯಮ. ಹ್ಯಾರಿ ಪಾಟರ್‌ನ ಏಳೂ ಪುಸ್ತಕಗಳನ್ನು ಒಂದೇ ವರ್ಷದಲ್ಲಿ ಮುಗಿಸಿ ಈಗ ಮತ್ತೆ ಮೊದಲಿನಿಂದ ಓದುತ್ತಿದ್ದಾಳೆ. ಬೇರೆ ಏನು ಕೊಟ್ಟರೂ ಹತ್ತು ಪುಟ ತಿರುವಿ ಪಕ್ಕಕ್ಕಿಡುತ್ತಾಳೆ. ಅವಳ ಅಜ್ಜಿ, "ಬರೀ ಮಾಟ ಮಂತ್ರದ ಪುಸ್ತಕ ಓದಿ ಮಗು ತಲೆ ಕೆಡಿಸಿಕೊಳ್ಳುತ್ತೆ" ಅಂತಾರೆ. ನನಗೆ ಇಂಗ್ಲಿಷ್ ಕಾದಂಬರಿ ಓದುವ ರೂಢಿ ಅಷ್ಟಿಲ್ಲ. ಇವುಗಳಲ್ಲಿ ಒಳ್ಳೆಯದು ಯಾವುದು ಅಂತ ಹೇಗೆ ಗೊತ್ತಾಗಬೇಕು? ಕನ್ನಡವನ್ನಂತೂ ಅವಳು ಮುಟ್ಟುವುದೇ ಇಲ್ಲ.
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಮಗಳು ಓದಿದ್ದನ್ನೇ ಓದುತ್ತಿದ್ದಾಳೆ ಅನ್ನುವ ಚಿಂತೆಯನ್ನು ಮೊದಲು ಬಿಟ್ಟುಬಿಡಿ. ಅಭಿಮನ್ಯು ಕಾಳಗದ ಆಟಕ್ಕೆ ಹೋಗುವವರಲ್ಲಿ ಅಭಿಮನ್ಯು ಬದುಕಿ ಬರುತ್ತಾನೇನೋ ಅಂತ ಕಾಯುವವರು ಯಾರೂ ಇಲ್ಲ. ಆದರೂ ಬೆಳಗಿನ ಜಾವದವರೆಗೆ ಕೂತು ನೋಡುತ್ತಾರೆ. ಮೊದಲ ಓದಿನಲ್ಲಿ ಮಗು 'ಮುಂದೇನು, ಮುಂದೇನು' ಅಂತ ಕಥೆಯ ಬಾಲ ಹಿಡಿದು ಓಡುತ್ತದೆ. ಎರಡನೆಯ ಸಲ ನಡೆದುಕೊಂಡು ಹೋಗುತ್ತದೆ, ಅಕ್ಕಪಕ್ಕ ನೋಡುತ್ತದೆ. ಮಕ್ಕಳ ಗ್ರಂಥಾಲಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಹೇಳುತ್ತಿದ್ದೇನೆ, ನಾನು ಕಂಡ ಒಳ್ಳೆಯ ಓದುಗ ಮಕ್ಕಳೆಲ್ಲರ ಹತ್ತಿರವೂ ಹೀಗೆ ಅಂಚು ಸವೆದ ಒಂದೆರಡು ಪುಸ್ತಕ ಇದ್ದೇ ಇರುತ್ತಿದ್ದವು.

ಹತ್ತು ಪುಟಕ್ಕೆ ಬಿಟ್ಟುಬಿಡುವುದು ಮಾತ್ರ ಬೇರೆ ವಿಷಯ. ಹೊಸದೊಂದು ಲೋಕ ಕಟ್ಟುವ ಕಾದಂಬರಿ ಮೊದಲ ಇಪ್ಪತ್ತು ಮೂವತ್ತು ಪುಟಗಳಲ್ಲಿ ಓದುಗರಿಂದ ಸ್ವಲ್ಪ ದುಡಿಸಿಕೊಳ್ಳುತ್ತದೆ. ಕೇಳದ ಊರು, ನಾಲಿಗೆಗೆ ಸಿಗದ ಹೆಸರು, ಗೊತ್ತಿಲ್ಲದ ಪದ್ಧತಿ. ಮದುವೆ ಮನೆಗೆ ಒಬ್ಬರೇ ಹೋದ ಹಾಗೆ, ಯಾರಾದರೂ ಪರಿಚಯದವರು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುವ ತನಕ ಬಾಗಿಲಲ್ಲೇ ನಿಂತಿರುತ್ತೇವೆ. ಆ ಮೊದಲ ಅಧ್ಯಾಯಗಳನ್ನು ಯಾರಾದರೂ ಮಗುವಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಹನ್ನೊಂದು ವರ್ಷದವಳಿಗೆ ಓದಿ ಹೇಳುವುದೇ ಅಂತ ಸಂಕೋಚ ಬೇಡ. ಯಾರು ಓದಬೇಕು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಈಗ ಅಜ್ಜಿಯ ಮಾತು. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ಅವರ ಆತಂಕದ ಒಳಗೆ ಒಂದು ಸರಿಯಾದ ಪ್ರಶ್ನೆ ಇದೆ. ಕೋಲು ಆಡಿಸಿದರೆ ಬೇಕಾದದ್ದು ಸಿಗುತ್ತದೆ ಅನ್ನುವುದನ್ನೇ ಮಗು ಕಲಿತರೆ ಗತಿಯೇನು? ಹಾಗೆ ಕಲಿಸುವ ಪುಸ್ತಕಗಳು ಇವೆ. ಕಷ್ಟ ಬಂತು, ಹೊಸ ಶಕ್ತಿ ಬಂತು, ಕಷ್ಟ ಹೋಯಿತು; ಮುಂದಿನ ಅಧ್ಯಾಯದಲ್ಲಿ ಇನ್ನೂ ದೊಡ್ಡ ಕಷ್ಟ, ಇನ್ನೂ ದೊಡ್ಡ ಶಕ್ತಿ. ಅಂಥವುಗಳಿಂದ ಮಗು ಕೆಡುವುದಿಲ್ಲ, ಆದರೆ ಬೆಳೆಯುವುದೂ ಇಲ್ಲ. ಅದಕ್ಕೇ ಈ ಬಗೆಯ ಯಾವ ಪುಸ್ತಕ ಕೈಗೆ ಬಂದರೂ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರಲ್ಲಿ ಮಾಯೆಗೆ ಬೆಲೆ ಇದೆಯಾ? ಮಂತ್ರ ಹಾಕಿದವರು ಏನು ತೆರಬೇಕಾಗುತ್ತದೆ?

ಈ ಅಳತೆಗೋಲು ನನಗೆ ಸಿಕ್ಕಿದ್ದು ಇಂಗ್ಲಿಷ್ ಪುಸ್ತಕದಿಂದಲ್ಲ, ನಮ್ಮ ಕಥೆಗಳಿಂದಲೇ. ನಮ್ಮಲ್ಲಿ ಪುಕ್ಕಟೆ ವರ ಅಂತ ಯಾವುದೂ ಇಲ್ಲ. ಭಸ್ಮಾಸುರನ ಕೈ ಕೊನೆಗೆ ಅವನ ತಲೆಯ ಮೇಲೇ ಬಂತು. ಸುಳ್ಳು ಹೇಳಿ ವಿದ್ಯೆ ಕಲಿತ ಕರ್ಣನಿಗೆ ಬೇಕಾದ ಹೊತ್ತಿಗೆ ಮಂತ್ರವೇ ಮರೆತುಹೋಯಿತು. ಬೇತಾಳನ ಕಥೆಯ ಕಟ್ಟಳೆ ನೋಡಿ: ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ವಿಕ್ರಮನ ತಲೆ ಸಿಡಿಯುತ್ತದೆ, ಬಾಯಿ ಬಿಟ್ಟರೆ ಹೆಣ ಮತ್ತೆ ಮರಕ್ಕೆ ಹಾರುತ್ತದೆ. ಎ. ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ, ಹೂಮರವಾಗುವ ಹುಡುಗಿಯ ಜನಪದ ಕಥೆಯಂತೂ ಇಡೀ ಈ ಪ್ರಕಾರಕ್ಕೇ ಪಾಠದಂತಿದೆ. ಬಡತನದ ಮನೆಯ ಹುಡುಗಿ ತಾಯಿಗೆ ನೆರವಾಗಲೆಂದು ಮರವಾಗುತ್ತಾಳೆ. ಎರಡು ಕೊಡ ನೀರು ಬೇಕು, ಉಗುರು ತಾಗಬಾರದು. ಒಂದು ಕೊಡ ಸುರಿದರೆ ಮರವಾಗುತ್ತಾಳೆ, ಎಲೆ ಕುಡಿ ಮುರಿಯದಂತೆ ಹೂವು ಬಿಡಿಸಿಕೊಂಡು ಇನ್ನೊಂದು ಕೊಡ ಸುರಿದರೆ ಮನುಷ್ಯಳಾಗುತ್ತಾಳೆ. ಮದುವೆಯಾದ ಮೇಲೆ ಗಂಡನ ತಂಗಿ ಮತ್ತು ಗೆಳತಿಯರು ಹಟ ಮಾಡಿ ಅವಳನ್ನು ಮರವಾಗಿಸಿ, ಕೊಂಬೆ ಮುರಿದು, ನೀರನ್ನು ಬೇಕಾಬಿಟ್ಟಿ ಸುರಿದು ಹೋಗುತ್ತಾರೆ. ಅವಳು ಅತ್ತ ಮರವೂ ಆಗದೆ ಇತ್ತ ಹೆಣ್ಣೂ ಆಗದೆ ಅರೆಬರೆಯಾಗಿ ಬಿದ್ದಿರುತ್ತಾಳೆ. ಈ ಕಥೆಯನ್ನು ಮಕ್ಕಳಿಗೆ ಹೇಳಿದಾಗಲೆಲ್ಲ ಕೊಂಬೆ ಮುರಿಯುವ ಜಾಗದಲ್ಲಿ ಕೋಣೆ ಗಪ್‌ಚುಪ್ ಆಗುತ್ತದೆ. ಮುರಿಯಬಾರದು ಅಂತ ಮೊದಲೇ ಹೇಳಿದ್ದರಲ್ಲ, ಅದಕ್ಕೆ.

ಹ್ಯಾರಿ ಪಾಟರ್‌ಗೂ ಇದೇ ಅಳತೆ ಹಿಡಿಯಿರಿ. ಸಾವನ್ನು ಗೆಲ್ಲಲು ಅದರ ಖಳನಾಯಕ ವೊಲ್ಡೆಮಾರ್ಟ್ ಏನು ಕಳೆದುಕೊಂಡ ಅಂತ ಮಗಳನ್ನು ಕೇಳಿ ನೋಡಿ. ತನ್ನ ಆತ್ಮವನ್ನೇ ಚೂರು ಮಾಡಿ ಬೇರೆ ಬೇರೆ ವಸ್ತುಗಳಲ್ಲಿ ಬಚ್ಚಿಟ್ಟ ಅಂತ ಅರ್ಧ ಗಂಟೆ ವಿವರಿಸುತ್ತಾಳೆ. ಆ ಮಾತು ಅಜ್ಜಿಯ ಕಿವಿಗೂ ಬೀಳಲಿ. ಏಳು ಸಮುದ್ರದಾಚೆ, ಪಂಜರದ ಗಿಳಿಯಲ್ಲಿ ಪ್ರಾಣ ಇಟ್ಟ ರಾಕ್ಷಸನ ಕಥೆ ಅವರಿಗೆ ಗೊತ್ತಿಲ್ಲದೇ ಇರಲಾರದು. ಅಜ್ಜಿ ಮೊಮ್ಮಗಳು ಇಬ್ಬರೂ ಒಂದೇ ಕಥೆಯ ಎರಡು ತುದಿ ಹಿಡಿದು ನಿಂತಿದ್ದಾರೆ, ಪರಸ್ಪರ ಗೊತ್ತಿಲ್ಲ ಅಷ್ಟೇ.

ಇನ್ನು ಮುಂದಿನ ಪುಸ್ತಕ. ನನ್ನನ್ನು ಒಂದೇ ಒಂದು ಹೆಸರು ಹೇಳಿ ಅಂದರೆ ಅರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ತ್‌ಸೀ' ಅನ್ನುತ್ತೇನೆ. ಬಂದದ್ದು 1968ರಲ್ಲಿ, ಹ್ಯಾರಿ ಪಾಟರ್‌ಗಿಂತ ಸುಮಾರು ಮೂವತ್ತು ವರ್ಷ ಮೊದಲು. ಅಮೆರಿಕದ ಒಬ್ಬ ಚಿಕ್ಕ ಪ್ರಕಾಶಕರು ಸ್ವಲ್ಪ ದೊಡ್ಡ ಮಕ್ಕಳಿಗಾಗಿ ಏನಾದರೂ ಬರೆದುಕೊಡಿ ಅಂತ ಕೇಳಿದ್ದರು. ಅಲ್ಲಿಯವರೆಗೆ ಕಥೆಗಳಲ್ಲಿ ಮಾಂತ್ರಿಕ ಅಂದರೆ ಬಿಳಿ ಗಡ್ಡದ ಮುದುಕ. ಆ ಮುದುಕರೆಲ್ಲ ಹುಡುಗರಾಗಿದ್ದಾಗ ಹೇಗಿದ್ದರು, ಆ ವಿದ್ಯೆಯನ್ನು ಎಲ್ಲಿ ಕಲಿತರು ಅನ್ನುವ ಯೋಚನೆ ಲೇಖಕಿಗೆ ಬಂತು. ಮಾಂತ್ರಿಕರ ಶಾಲೆಯೊಂದು ಕಾದಂಬರಿಯೊಳಗೆ ಎದ್ದು ನಿಂತದ್ದು ಹಾಗೆ.

ಕಥೆ ಶುರುವಾಗುವುದು ಗಾಂಟ್ ಅನ್ನುವ ಗುಡ್ಡಗಾಡಿನ ದ್ವೀಪದಲ್ಲಿ. ತಾಯಿಯಿಲ್ಲದ ಏಳು ವರ್ಷದ ಹುಡುಗ ಡ್ಯುನಿ ಆಡು ಕಾಯುತ್ತಾನೆ. ಅವನ ಚಿಕ್ಕಮ್ಮ ಊರಿನ ಮಂತ್ರಗಾತಿ. ಗುಡಿಸಲ ಮಾಡಿನ ಮೇಲೆ ಹತ್ತಿ ಕೂತ ಆಡನ್ನು ಅವಳು ಏನೋ ಒಂದು ಪ್ರಾಸದ ಮಾತು ಹೇಳಿ ಇಳಿಸುವುದನ್ನು ಹುಡುಗ ಕೇಳಿಸಿಕೊಳ್ಳುತ್ತಾನೆ. ಮರುದಿನ ಬೆಟ್ಟದ ಮೇಲೆ, ಅರ್ಥ ಗೊತ್ತಿಲ್ಲದೆ, ಅದನ್ನೇ ಕೂಗುತ್ತಾನೆ. ಆಡುಗಳೆಲ್ಲ ಓಡಿ ಬರುತ್ತವೆ, ಸದ್ದಿಲ್ಲದೆ ಸುತ್ತ ನಿಲ್ಲುತ್ತವೆ, ಹಳದಿ ಸೀಳುಗಣ್ಣಿನಲ್ಲಿ ಅವನನ್ನೇ ನೋಡುತ್ತವೆ. ಹುಡುಗನಿಗೆ ಖುಷಿ, ನಕ್ಕು ಮತ್ತೆ ಕೂಗುತ್ತಾನೆ. ಆಡುಗಳು ಇನ್ನೂ ಹತ್ತಿರ ಬಂದು ಒತ್ತರಿಸುತ್ತವೆ. ಕೊಂಬು, ಉಣ್ಣೆ, ಬಿಸಿ ಉಸಿರು, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಅಳುತ್ತಾ ಊರ ಕಡೆ ಓಡಿದರೆ ಹಗ್ಗ ಬಿಗಿದ ಹಾಗೆ ಮಂದೆಯೂ ಜೊತೆಗೇ ಓಡಿ ಬರುತ್ತದೆ. ಕರೆಯುವುದು ಗೊತ್ತು, ಬಿಡಿಸಿಕೊಳ್ಳುವುದು ಗೊತ್ತಿಲ್ಲ. ಎರಡು ಪುಟದಲ್ಲಿ ಲೆ ಗ್ವಿನ್ ಇಡೀ ಕಾದಂಬರಿಯ ಬೀಜ ನೆಟ್ಟುಬಿಟ್ಟಿದ್ದಾರೆ.

ಮುಂದೆ ಈ ಹುಡುಗ ರೋಕ್ ದ್ವೀಪದ ಶಾಲೆಗೆ ಹೋಗುತ್ತಾನೆ. ಅಲ್ಲಿ ಗುರುಗಳು ಹೇಳಿಕೊಡುವುದು ಒಂದೇ ವಿಷಯ: ಒಂದು ಕಡೆ ಮಳೆ ಕರೆದರೆ ಇನ್ನೊಂದು ಕಡೆ ಬರ ಬೀಳಬಹುದು, ದೀಪ ಹಚ್ಚಿದರೆ ನೆರಳೂ ಬೀಳುತ್ತದೆ. ಹುಡುಗನಿಗೆ ಬುದ್ಧಿ ಚುರುಕು, ಸೊಕ್ಕೂ ಅಷ್ಟೇ. ಸಹಪಾಠಿಯೊಬ್ಬನ ಚುಚ್ಚುಮಾತಿಗೆ ಹಟ ಹತ್ತಿ ಸತ್ತವರನ್ನು ಕರೆಯಲು ಹೋಗುತ್ತಾನೆ. ತೆರೆದ ಬಿರುಕಿನಿಂದ ಕಪ್ಪು ನೆರಳೊಂದು ನುಗ್ಗಿ ಬಂದು ಅವನ ಮುಖವನ್ನು ಸೀಳುತ್ತದೆ. ಆ ಬಿರುಕನ್ನು ಮುಚ್ಚಲು ಶಾಲೆಯ ಹಿರಿಯ ಗುರು ತನ್ನ ಪ್ರಾಣವನ್ನೇ ಕೊಡಬೇಕಾಗುತ್ತದೆ. ಅಲ್ಲಿಂದ ಪುಸ್ತಕ ಮುಗಿಯುವ ತನಕ ಆ ನೆರಳು ಮತ್ತು ಈ ಹುಡುಗ, ಇಬ್ಬರದೇ ಬೆನ್ನಟ್ಟುವಿಕೆ. ಕೊನೆಯನ್ನು ನಾನು ಹೇಳುವುದಿಲ್ಲ, ನೀವೂ ಹಿಂಬದಿ ಪುಟ ತಿರುವಿ ಮಗಳಿಗೆ ಹೇಳಬೇಡಿ. ಅದನ್ನು ಅವಳೇ ತಲುಪಬೇಕು. ನಾನು ಓದಿದ ಮಕ್ಕಳ ಕಾದಂಬರಿಗಳಲ್ಲಿ ಇಷ್ಟು ನಿಜವಾದ ಮುಕ್ತಾಯ ಹೆಚ್ಚು ನೋಡಿಲ್ಲ.

ಇನ್ನೊಂದು ಕಾರಣಕ್ಕೂ ಈ ಪುಸ್ತಕ ನಮ್ಮ ಮಕ್ಕಳಿಗೆ ಸಿಗಬೇಕು. ಇದರ ನಾಯಕನ ಮೈಬಣ್ಣ ಕೆಂಗಂದು, ಅವನ ಜೀವದ ಗೆಳೆಯನದು ಅದಕ್ಕಿಂತ ಕಪ್ಪು. ಆ ದ್ವೀಪಗಳ ಹೆಚ್ಚಿನ ಜನ ಹಾಗೇ. 1968ರಲ್ಲಿ ಲೇಖಕಿ ಅದನ್ನು ಬೇಕೆಂದೇ ಬರೆದರು. ಆದರೆ ಎಷ್ಟೋ ಮುದ್ರಣಗಳ ಮುಖಪುಟದಲ್ಲಿ ಅವನನ್ನು ಬಿಳಿ ಹುಡುಗನನ್ನಾಗಿ ಬಿಡಿಸಿದರು, 2004ರ ಟೀವಿ ಸರಣಿಯಲ್ಲೂ ಅದೇ ಆಯಿತು, ಲೆ ಗ್ವಿನ್ ಬಹಿರಂಗವಾಗಿಯೇ ಪ್ರತಿಭಟಿಸಿದರು. ಮಗಳು ಮುಖಪುಟದ ಚಿತ್ರ ನೋಡಿ ಬೇರೆ ಏನೋ ಅಂದುಕೊಂಡರೆ, ಒಳಗಿನ ಸಾಲುಗಳನ್ನು ತೋರಿಸಿ. ಪುಸ್ತಕ ಸುಮಾರು ಇನ್ನೂರು ಪುಟ, ಅಷ್ಟೇ. ಹ್ಯಾರಿ ಪಾಟರ್‌ನ ಐದನೆಯ ಭಾಗ ಏಳುನೂರು ಪುಟ ದಾಟುತ್ತದೆ, ಅದನ್ನೇ ಮುಗಿಸಿದವಳು ಇವಳು. ಆದರೆ ಇದು ನಿಧಾನದ ಗದ್ಯ, ಓಡಲು ಬಿಡುವುದಿಲ್ಲ. ಅದಕ್ಕೇ ಜೊತೆಯಲ್ಲಿ ಓದಿ ಅನ್ನುತ್ತಿದ್ದೇನೆ.

ಇದಾದ ಮೇಲೆ ಮಿಖಾಯೆಲ್ ಎಂಡೆ ಅವರ 'ದ ನೆವರ್‌ಎಂಡಿಂಗ್ ಸ್ಟೋರಿ'. ಮೂಲ ಜರ್ಮನ್, 1979ರದು. ದಪ್ಪ ಮೈಯ, ಎಲ್ಲರ ಗೇಲಿಗೆ ಗುರಿಯಾದ ಬಾಸ್ಟಿಯನ್ ಅನ್ನುವ ಹುಡುಗ ಶಾಲೆಯ ಅಟ್ಟದಲ್ಲಿ ಅಡಗಿ ಕದ್ದ ಪುಸ್ತಕವೊಂದನ್ನು ಓದುತ್ತಾ ಅದರೊಳಗೇ ಹೋಗಿಬಿಡುತ್ತಾನೆ. ಅಲ್ಲಿ ಅವನು ಬಯಸಿದ್ದೆಲ್ಲ ಆಗುತ್ತದೆ. ಆದರೆ ಒಂದೊಂದು ಬಯಕೆ ಈಡೇರಿದಾಗಲೂ ತನ್ನ ಹಿಂದಿನ ಬದುಕಿನ ಒಂದೊಂದು ನೆನಪು ಅಳಿಸಿಹೋಗುತ್ತದೆ. ಚೆಲುವನಾಗಬೇಕು ಅಂದ, ಆದ. ತಾನು ದಪ್ಪಗಿದ್ದೆ ಅನ್ನುವುದೇ ಮರೆತುಹೋಯಿತು. ಹೀಗೇ ನಡೆದರೆ ಮನೆಗೆ ಮರಳುವ ಬಯಕೆ ಹುಟ್ಟುವುದಾದರೂ ಎಲ್ಲಿಂದ? ಬೆಲೆಯ ಲೆಕ್ಕವನ್ನು ಇಷ್ಟು ಕಟ್ಟುನಿಟ್ಟಾಗಿ ಇಟ್ಟ ಪುಸ್ತಕ ಅಪರೂಪ. 1984ರ ಸಿನಿಮಾ ಕಥೆಯ ಮೊದಲರ್ಧಕ್ಕೇ ನಿಂತುಬಿಡುತ್ತದೆ, ಎಂಡೆಗೆ ಅದು ಸ್ವಲ್ಪವೂ ಹಿಡಿಸಿರಲಿಲ್ಲ. ಆದ್ದರಿಂದ ಸಿನಿಮಾ ನೋಡಿ ಪುಸ್ತಕ ಗೊತ್ತಾಯಿತು ಅಂದುಕೊಳ್ಳಬೇಡಿ. ಕೊಳ್ಳುವಾಗ ಎರಡು ಬಣ್ಣದ ಶಾಯಿಯಲ್ಲಿ ಮುದ್ರಿಸಿದ ಪ್ರತಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ನಮ್ಮ ಲೋಕದ ಭಾಗ ಒಂದು ಬಣ್ಣ, ಪುಸ್ತಕದೊಳಗಿನ ಲೋಕದ್ದು ಇನ್ನೊಂದು. ಹನ್ನೊಂದು ವರ್ಷದವರಿಗೆ ಅದೇ ಒಂದು ಸಂಭ್ರಮ.

ಟೋಲ್ಕಿನ್ ಅವರ 'ದ ಹಾಬಿಟ್' ಬಗ್ಗೆ ನೀವು ಕೇಳಿರುತ್ತೀರಿ. 1937ರ ಸೆಪ್ಟೆಂಬರ್‌ನಲ್ಲಿ ಬಂದದ್ದು. ಅದರ ಹಸ್ತಪ್ರತಿಯನ್ನು ಪ್ರಕಾಶಕರು ತಮ್ಮ ಹತ್ತು ವರ್ಷದ ಮಗನಿಗೆ ಕೊಟ್ಟು ಅಭಿಪ್ರಾಯ ಕೇಳಿದರು, ಸಂಭಾವನೆ ಒಂದು ಶಿಲಿಂಗ್. ಅರವತ್ತು ವರ್ಷದ ನಂತರ ಹ್ಯಾರಿ ಪಾಟರ್‌ನ ಹಣೆಬರಹದಲ್ಲೂ ಪ್ರಕಾಶಕರ ಎಂಟು ವರ್ಷದ ಮಗಳೊಬ್ಬಳ ಪಾತ್ರ ಇತ್ತು. ಹಲವರು ಬೇಡವೆಂದ ಹಸ್ತಪ್ರತಿಯ ಮೊದಲ ಅಧ್ಯಾಯ ಓದಿ ಮುಂದಿನದು ಕೊಡಿ ಅಂತ ಹಟ ಹಿಡಿದಳು. 1997ರಲ್ಲಿ ಮೊದಲು ಅಚ್ಚಾದ ರಟ್ಟಿನ ಹೊದಿಕೆಯ ಪ್ರತಿಗಳು ಬರೀ 500. ಮಕ್ಕಳ ತೀರ್ಪನ್ನು ನಂಬಿದ್ದಕ್ಕೇ ಈ ಎರಡೂ ಪುಸ್ತಕ ನಮಗೆ ಸಿಕ್ಕವು. ನಿಮ್ಮ ಮಗಳು ಒಂದು ಪುಸ್ತಕ ಬೇಡ ಅಂದಾಗ, ಯಾಕೆ ಅಂತ ಕೇಳಿ, ಬರೆದಿಡಲು ಹೇಳಿ. ಅವಳ 'ಬೇಡ'ಕ್ಕೂ ಮರ್ಯಾದೆ ಇರಲಿ.

'ಹಾಬಿಟ್' ಗಟ್ಟಿಯಾಗಿ ಓದಲೆಂದೇ ಹುಟ್ಟಿದ ಪುಸ್ತಕ. ಕತ್ತಲ ಗುಹೆಯಲ್ಲಿ ಕಥಾನಾಯಕ ಬಿಲ್ಬೋ ಮತ್ತು ಅಲ್ಲೇ ವಾಸಿಸುವ ವಿಚಿತ್ರ ಜೀವಿ ಗೊಲಮ್ ಒಗಟಿನ ಪಂದ್ಯ ಆಡುವ ಅಧ್ಯಾಯವನ್ನು ನಾನು ಪ್ರತಿವರ್ಷ ಮಕ್ಕಳಿಗೆ ಕನ್ನಡದಲ್ಲೇ ಹೇಳುತ್ತೇನೆ. ಸೋತರೆ ಬಿಲ್ಬೋ ಗೊಲಮ್‌ನ ಊಟವಾಗುತ್ತಾನೆ. ಒಂದು ಶನಿವಾರ, ಕೀಲಿಯಿಲ್ಲದ, ಮುಚ್ಚಳವಿಲ್ಲದ, ಒಳಗೆ ಚಿನ್ನ ಇಟ್ಟ ಪೆಟ್ಟಿಗೆ ಯಾವುದು ಅನ್ನುವ ಬಿಲ್ಬೋನ ಒಗಟು ಹೇಳಿ ನಿಲ್ಲಿಸಿದೆ. ಹಿಂದಿನ ಸಾಲಿನಲ್ಲಿ, ಇಂಗ್ಲಿಷ್ ಅಂದರೆ ಹೆದರುವ ಒಬ್ಬ ಹುಡುಗ ಎದ್ದು ನಿಂತ. "ಅದು ನಮ್ಮದು ಮೇಡಂ! ಸುತ್ತಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ. ಮೊಟ್ಟೆ!" ಗೊಲಮ್ ಬುಸುಗುಡುತ್ತಾ ತಡಕಾಡಿದ ಉತ್ತರ ನಮ್ಮ ಹುಡುಗನ ಬಾಯಲ್ಲಿ ತಯಾರಿತ್ತು. ಅವತ್ತು ಕಥೆ ಅಲ್ಲೇ ನಿಂತಿತು. ಒಂದು ಗಂಟೆ ಒಗಟೋ ಒಗಟು. ಗೊಲಮ್‌ಗೆ ನಾವೇನು ಕೇಳಬಹುದು ಅಂತ ಪಟ್ಟಿ ಮಾಡಿದೆವು, 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ' ಅನ್ನುವುದಕ್ಕೆ ಅವನು ಖಂಡಿತ ಸೋಲುತ್ತಾನೆ ಅಂತ ತೀರ್ಮಾನವಾಯಿತು. ಗುಹೆಯೊಳಗೆ ಇರುವವನಿಗೆ ಮಲ್ಲಿಗೆ ಹೇಗೆ ಗೊತ್ತಾಗಬೇಕು ಅಂತ ಒಬ್ಬಳ ವಾದ. ಆ ಹುಡುಗ ಆಮೇಲೆ ಎರಡು ತಿಂಗಳು ನಿಘಂಟು ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷಿನಲ್ಲೇ ಆ ಪುಸ್ತಕ ಓದಿ ಮುಗಿಸಿದ.

ಸಿ. ಎಸ್. ಲೂಯಿಸ್ ಬರೆದ ನಾರ್ನಿಯಾದ ಏಳು ಪುಸ್ತಕಗಳು 1950ರಿಂದ 1956ರ ನಡುವೆ ಬಂದವು. ಈಗ ಅಂಗಡಿಯಲ್ಲಿ ಸಿಗುವ ಪ್ರತಿಗಳ ಬೆನ್ನಿಗೆ 'ದ ಮೆಜೀಶಿಯನ್ಸ್ ನೆಫ್ಯೂ' ಮೊದಲನೆಯದು ಅಂತ ಸಂಖ್ಯೆ ಹಾಕಿರುತ್ತಾರೆ. ಅದರ ಕಾಲ ಹಿಂದಿನದು ನಿಜ, ಆದರೆ ಪ್ರಕಟವಾದದ್ದು ಆರನೆಯದಾಗಿ. ನೀವು 'ದ ಲಯನ್, ದ ವಿಚ್ ಅಂಡ್ ದ ವಾರ್ಡ್‌ರೋಬ್'ನಿಂದಲೇ ಶುರು ಮಾಡಿ. ಹಿಮದ ಕಾಡಿನ ನಡುವೆ ದೀಪದ ಕಂಬವೊಂದು ಯಾಕೆ ಉರಿಯುತ್ತಿದೆ ಅಂತ ಗೊತ್ತಿಲ್ಲದೆ ಅದನ್ನು ನೋಡುವ ಸುಖ ಒಂದೇ ಸಲ ಸಿಗುವಂಥದ್ದು. ಒಂದು ಎಚ್ಚರಿಕೆ ಕೂಡ: ಲೂಯಿಸ್ ಕ್ರೈಸ್ತ ಶ್ರದ್ಧೆಯಿಂದ ಬರೆದವರು, ಅದು ಕಥೆಯೊಳಗೆ ಇದೆ, ಅದರಿಂದ ತೊಂದರೆಯಿಲ್ಲ. ಆದರೆ ಮರುಭೂಮಿಯಾಚೆಯ ಕಪ್ಪು ಮುಖದ ಜನರನ್ನು ಅವರು ಚಿತ್ರಿಸಿದ ಬಗೆ ನನಗೆ ನೋವು ಕೊಡುತ್ತದೆ. ಪುಸ್ತಕ ಮುಚ್ಚಿಡಬೇಕಾಗಿಲ್ಲ, ಆ ಜಾಗ ಬಂದಾಗ 'ಇವರನ್ನೆಲ್ಲ ಯಾಕೆ ಹೀಗೆ ಬರೆದಿದ್ದಾರೆ ಅನ್ನಿಸುತ್ತೆ ನಿನಗೆ?' ಅಂತ ಕೇಳಿ.

ಪರ್ಸಿ ಜಾಕ್ಸನ್ ಸರಣಿ ವೇಗದ ಓದು, ಗ್ರೀಕ್ ಪುರಾಣದ ಪರಿಚಯವೂ ಆಗುತ್ತದೆ. ರಜೆಯಲ್ಲಿ ಕೊಡಿ. ರೋಶನಿ ಚೋಕ್ಷಿ ಬರೆದ 'ಆರು ಶಾ' (ಇದು ನಾಯಕಿಯ ಹೆಸರು) ಸರಣಿ ಪಾಂಡವರ ಕಥೆಯನ್ನು ಇಂದಿನ ಹುಡುಗಿಯರ ಮೇಲೆ ತಂದು ಕಟ್ಟಿದ್ದು. ಮಹಾಭಾರತ ಗೊತ್ತಿರುವ ಮಗು ಅಲ್ಲಲ್ಲಿ 'ಇದು ಹೀಗಲ್ಲ' ಅಂತ ತಕರಾರು ತೆಗೆಯುತ್ತದೆ, ಆ ತಕರಾರೇ ಲಾಭ. ಫಿಲಿಪ್ ಪುಲ್ಮನ್ ಅವರ 'ನಾರ್ದರ್ನ್ ಲೈಟ್ಸ್' ಅದ್ಭುತ ಪುಸ್ತಕ, ಆದರೆ ಅದಕ್ಕೆ ಹದಿಮೂರು ಆಗಲಿ. ಅಲ್ಲಿ ಪ್ರತಿಯೊಬ್ಬರ ಆತ್ಮವೂ ಒಂದು ಪ್ರಾಣಿಯ ರೂಪದಲ್ಲಿ ಹೊರಗೆ ಜೊತೆಗೇ ಓಡಾಡುತ್ತಿರುತ್ತದೆ. ಮಕ್ಕಳಿಂದ ಅದನ್ನು ಕತ್ತರಿಸಿ ಬೇರೆ ಮಾಡುವ ಭಾಗ ಓದಿ ದೊಡ್ಡವಳಾದ ನಾನೇ ಒಂದು ದಿನ ಪುಸ್ತಕ ಮುಟ್ಟಲಿಲ್ಲ.

ಹೆದರಿಕೆಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪರದೆಯ ಮೇಲಿನ ಭಯದ ವೇಗ ಬೇರೆಯವರ ಕೈಯಲ್ಲಿರುತ್ತದೆ. ಪುಸ್ತಕದ ಭಯದ ವೇಗ ಮಗುವಿನ ಕೈಯಲ್ಲೇ ಇರುತ್ತದೆ, ಬೇಡ ಅನ್ನಿಸಿದಾಗ ಬೆರಳಿಟ್ಟು ಮುಚ್ಚಬಹುದು. ನಾಲ್ಕನೆಯ ಹ್ಯಾರಿ ಪಾಟರ್‌ನಲ್ಲಿ ಒಬ್ಬ ಒಳ್ಳೆಯ ಹುಡುಗ ಸುಮ್ಮಸುಮ್ಮನೆ ಸಾಯುತ್ತಾನೆ, ನಿಮ್ಮ ಮಗಳು ಅದನ್ನು ದಾಟಿ ಬಂದಿದ್ದಾಳೆ. ದೀಪ ಆರಿಸಲು ಬಿಡದಿದ್ದರೆ, ಒಂದೇ ಪುಟದ ಮಾತನ್ನು ಮತ್ತೆ ಮತ್ತೆ ಎತ್ತುತ್ತಿದ್ದರೆ, ಆ ಪುಟವನ್ನು ಹಗಲು ಹೊತ್ತು ನೀವಿಬ್ಬರೂ ಕೂತು ಓದಿ. ಬೆಳಕಿನಲ್ಲಿ ಓದಿದರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಇನ್ನು ಕನ್ನಡ. ನಮ್ಮಲ್ಲಿ ಮಕ್ಕಳ ಪದ್ಯ, ಕಥೆ, ನಾಟಕ ಸಮೃದ್ಧವಾಗಿವೆ. ಆದರೆ ಹೊಸ ಲೋಕವನ್ನೇ ಕಟ್ಟಿ ನೂರಾರು ಪುಟ ನಡೆಸುವ ಸಾಹಸ ಕಾದಂಬರಿ ಸಾಕಷ್ಟಿಲ್ಲ, ಇದು ನನ್ನ ಹಳೆಯ ಕೊರಗು. ಆ ಹಸಿವನ್ನು ಒಂದು ಕಾಲದಲ್ಲಿ ತುಂಬಿದ್ದು ಚಂದಮಾಮ. 1947ರಲ್ಲಿ ಮದ್ರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿ ಆಮೇಲೆ ಕನ್ನಡಕ್ಕೂ ಬಂತು. ತಿಂಗಳು ತಿಂಗಳು ಬರುತ್ತಿದ್ದ ಅದರ ಧಾರಾವಾಹಿಗಳಲ್ಲಿ ಮಾಂತ್ರಿಕರು, ಕಾಡು, ರಾಕ್ಷಸರು, ಎಲ್ಲ ಇತ್ತು. ಯಾರ ಮನೆಯ ಅಟ್ಟದಲ್ಲಾದರೂ ರಟ್ಟು ಕಟ್ಟಿದ ಹಳೆಯ ಸಂಪುಟ ಸಿಕ್ಕರೆ ಕೇಳಿ ತನ್ನಿ. ಕುವೆಂಪು ಅವರ ಕಿಂದರಿಜೋಗಿಯನ್ನು ಗಟ್ಟಿಯಾಗಿ ಓದಿಸಿ, ಕೊಟ್ಟ ಮಾತು ಮುರಿದ ಊರು ತೆತ್ತ ಬೆಲೆ ಅಲ್ಲೂ ಇದೆ.

ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಮನೆಯಲ್ಲೇ ಇದೆ. ನಿಮಗೆ ಇಂಗ್ಲಿಷ್ ಓದಿನ ರೂಢಿ ಇಲ್ಲ ಅಂದಿರಿ, ಅದನ್ನೇ ಬಳಸಿಕೊಳ್ಳಿ. ಯಾರು ಓದಬೇಕು ಅನ್ನುವ ಮಾತು ಬಾಕಿ ಇತ್ತಲ್ಲ, ಅವಳೇ ಓದಲಿ: ಮಗಳು ದಿನಕ್ಕೆ ಒಂದು ಅಧ್ಯಾಯ ನಿಮಗೆ ಗಟ್ಟಿಯಾಗಿ ಓದಲಿ, ಓದಿ ಕನ್ನಡದಲ್ಲಿ ಹೇಳಲಿ. ಓಡುವ ಓದು ತಾನಾಗೇ ನಿಧಾನವಾಗುತ್ತದೆ. 'ನೆರಳು ಹಿಂದೆ ಬಿತ್ತು' ಅನ್ನಬೇಕೋ 'ಬೆನ್ನು ಹತ್ತಿತು' ಅನ್ನಬೇಕೋ ಅಂತ ಅವಳು ತಡವರಿಸುವಾಗ ನೀವು ಪದ ಕೊಡಿ, ಅಜ್ಜಿಯೂ ಕೊಡಲಿ.

ಮೊದಲ ರಾತ್ರಿ ಅರ್ತ್‌ಸೀಯ ಆಡುಗಳು ಹುಡುಗನನ್ನು ಮುತ್ತಿಕೊಳ್ಳುವ ಜಾಗಕ್ಕೆ ಓದು ನಿಲ್ಲಿಸಿ, ಚಿಕ್ಕಮ್ಮ ಬಂದು ಬಿಡಿಸುವುದು ನಾಳೆಗಿರಲಿ. ನಾಳೆ ಆ ಅಧ್ಯಾಯ ಮುಗಿದ ಮೇಲೆ ಅಜ್ಜಿಯ ಸರದಿ, ಗಿಳಿಯಲ್ಲಿ ಪ್ರಾಣ ಇಟ್ಟ ರಾಕ್ಷಸನ ಕಥೆ. ಅರ್ಧ ದಾರಿಯಲ್ಲಿ ಮಗಳು ಎದ್ದು ಕೂತು, "ಅಜ್ಜಿ, ಇದು ನಿಂಗೆ ಹೇಗೆ ಗೊತ್ತು?" ಅಂತ ಕೇಳುತ್ತಾಳೆ. ಉತ್ತರವನ್ನು ಅಜ್ಜಿಯೇ ಹೇಳಲಿ.